ತಿಳಿವರ್ಣದ ಸತ್ತ್ವ: ವೆಂಕಟಪ್ಪನವರ ನೀಲಗಿರಿ ಚಿತ್ರಗಳು

ಬಣ್ಣವು ಗಾಢವಾಗಿದ್ದರೆ ಚಿತ್ರಕ್ಕೆ ಕಳೆ, ತಿಳಿಯಾಗಿದ್ದರೆ ಕೊರತೆ ಎಂಬ ಭಾವನೆ ವಿದ್ಯಾವಂತರಲ್ಲಿಯೂ ಬೇರೂರಿದೆ. ರವಿವರ್ಮನ ಕಲ್ಲಚ್ಚಿನ ಪಟಗಳನ್ನು ಗೋಡೆಯ ಮೇಲೆ ನೋಡುತ್ತ ಬಂದ ಮನೆತನಗಳಲ್ಲಿ ಇದು ಸಹಜವೇ ಸರಿ. ಆದರೆ ಕೆ. ವೆಂಕಟಪ್ಪನವರು (1886–1965) ಬರೆದ ಉದಕಮಂಡಲದ ಜಲವರ್ಣಚಿತ್ರಗಳ ಮುಂದೆ ಈ ಭಾವನೆ ನಿಲ್ಲಲಾರದು.

ತಿಳಿವರ್ಣದ ದೀಕ್ಷೆ ಅವರಿಗೆ ದೊರೆತದ್ದು ಕಲ್ಕತ್ತೆಯಲ್ಲಿ, ಅವನೀಂದ್ರನಾಥ ಠಾಕೂರರಿಂದ. ಜಪಾನಿನ ಯೊಕೊಯಾಮ ತೈಕಾನ್ ಮತ್ತು ಹಿಶಿದ ಶುನ್‌ಸೊ 1903ರಲ್ಲಿ ಕಲ್ಕತ್ತೆಗೆ ಬಂದಿದ್ದಾಗ ಅವರ ಕೆಲಸವನ್ನು ಕಂಡ ಠಾಕೂರರು, ಬಣ್ಣ ಹಚ್ಚಿದ ಕಾಗದವನ್ನು ನೀರಿನಲ್ಲಿ ತೋಯಿಸಿ ಮತ್ತೆ ಬಣ್ಣವೇರಿಸುವ 'ವಾಷ್' ಪದ್ಧತಿಯನ್ನು ರೂಪಿಸಿದರು. ಆ ಜಪಾನೀಯರ ಚಿತ್ರಗಳನ್ನು ಅವರ ನಾಡಿನ ವಿಮರ್ಶಕರೇ 'ಮೋರೋತಾಯ್', ಅಂದರೆ ಮಬ್ಬುಶೈಲಿ, ಎಂದು ಹಳಿದಿದ್ದರು. ಬಂಗಾಳದ ಅನುಕರಣಕಾರರ ಮಟ್ಟಿಗೆ ಆ ನಿಂದೆ ಅನ್ಯಾಯವಲ್ಲ. ರೇಖೆಯಲ್ಲಿ ಹಿಡಿತವಿಲ್ಲದವನಿಗೆ ಮಬ್ಬು ಒಳ್ಳೆಯ ಮರೆಯಾಯಿತು.

ವೆಂಕಟಪ್ಪನವರಿಗೆ ಆ ಮರೆ ಬೇಕಿರಲಿಲ್ಲ. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ 1913ರ ಪುರಾಣಕಥಾ ಗ್ರಂಥಕ್ಕೆ ರಾಮಾಯಣದ ಚಿತ್ರಗಳನ್ನು ಬರೆದ ಕೈ ಅದು. ನೀಲಗಿರಿಯ ಮಂಜು ಅವರಿಗೆ ಶೈಲಿಯ ಅಲಂಕಾರವಲ್ಲ, ಕಣ್ಣಾರೆ ಕಂಡ ವಸ್ತು. ದೂರದ ಬೆಟ್ಟ ಆಕಾಶದ ಬಣ್ಣಕ್ಕೆ ಸಮೀಪಿಸಿದರೂ ಅದರಲ್ಲಿ ಕರಗಿಹೋಗದಂತೆ ನಿಲ್ಲಿಸುವುದು ರೇಖೆಯನ್ನು ಬಲ್ಲವನಿಗೆ ಮಾತ್ರ ಸಾಧ್ಯ.

ಈ ಕಾರ್ಯದ ಕಷ್ಟವನ್ನು ನೋಡುಗರು ತಿಳಿದಿರಬೇಕು. ತೈಲಚಿತ್ರದಲ್ಲಿ ಬೆಳಕನ್ನು ಬಿಳಿಯ ಬಣ್ಣದಿಂದ ಕಡೆಯಲ್ಲಿಯೂ ಇಡಬಹುದು. ಪಾರದರ್ಶಕ ಜಲವರ್ಣದಲ್ಲಿಯಾದರೋ ಕಾಗದವೇ ಬೆಳಕು. ಬಣ್ಣದ ಒಂದೊಂದು ಪದರವೂ ಅದನ್ನು ಕುಗ್ಗಿಸುತ್ತ ಹೋಗುತ್ತದೆ. ಆದುದರಿಂದ ಎಲ್ಲಿ ಕೈ ತಡೆಯಬೇಕೆಂಬುದನ್ನು ಚಿತ್ರಕಾರನು ಮೊದಲೇ ನಿಶ್ಚಯಿಸಿರಬೇಕು. ತಿಳಿವರ್ಣವು ಸಂಯಮದ ಫಲವೇ ಹೊರತು ಬಡತನದ ಗುರುತಲ್ಲ.

ದೋಷವಿಲ್ಲವೆಂದಲ್ಲ. ಕಂಡದ್ದನ್ನು ಕಂಡಂತೆಯೇ ಇಡಬೇಕೆಂಬ ನಿಷ್ಠೆ ಕೆಲವೆಡೆ ಭಾವವನ್ನು ಮೀರಿದೆ. ಅಂಥಲ್ಲಿ ನೋಟವುಂಟು, ಅನುಭವ ತೆಳು. ಆದರೆ ಮಂಜು ಹರಿದು ಬೆಳಕು ಇಳಿಯುವ ಕಡೆ ಎರಡೂ ಒಂದಾಗಿವೆ.

ಕಡೆಗೆ ಒಂದು ಮಾತು. ಜಲವರ್ಣಗಳಲ್ಲಿ ಅನೇಕವು ಬೆಳಕಿಗೆ ಮಾಸುತ್ತವೆ. ಗಾಢಚಿತ್ರ ತುಸು ಮಾಸಿದರೂ ಆಕಾರ ಉಳಿಯುತ್ತದೆ. ಇಲ್ಲಿಯಾದರೋ ಬೆಟ್ಟಕ್ಕೂ ಬಾನಿಗೂ ಇರುವ ಕೂದಲೆಳೆಯ ಭೇದವೇ ಚಿತ್ರ. ಬೆಂಗಳೂರಿನಲ್ಲಿ ವೆಂಕಟಪ್ಪನವರ ಹೆಸರನ್ನು ಹೊತ್ತ ಚಿತ್ರಶಾಲೆಯುಂಟು. ಹೆಸರನ್ನು ಉಳಿಸಿದ ನಾಡು ಆ ಭೇದವನ್ನೂ ಉಳಿಸಿಕೊಳ್ಳಬೇಕು.