ಐರಿಷ್ ರಾಗವೂ ಕನ್ನಡದ ನಾಲಗೆಯೂ

ಉತ್ತರ ಐರ್ಲೆಂಡಿನ ಕೀತ್ ಮತ್ತು ಕ್ರಿಸ್ಟಿನ್ ಗೆಟ್ಟಿ ದಂಪತಿಗಳ ಸುವಾರ್ತಾ ಗಾನಗೋಷ್ಠಿಗಳಲ್ಲಿ ಪಿಟೀಲು, ತವರದ ಕೊಳಲು, ತಿದಿಯೊತ್ತಿ ನುಡಿಸುವ ಪೈಪುಗಳು ಮುಂದಿನ ಸಾಲಿನಲ್ಲಿರುತ್ತವೆ. ಕುಣಿತದ ಲಯದಲ್ಲಿ ಹೊರಟ ವಾದ್ಯಮೇಳವು ತಗ್ಗಿದೊಡನೆ ಸಭಿಕರ ಕಂಠವೇ ಮುಂದಾಗುತ್ತದೆ. ಈ ಗೋಷ್ಠಿಗಳ ನಿಜವಾದ ಗುಣ ಇದೇ. ಕೀತ್ ಗೆಟ್ಟಿಯವರು ಸ್ಟುವರ್ಟ್ ಟೌನೆಂಡರೊಡನೆ 2001ರಲ್ಲಿ ರಚಿಸಿದ ‘ಇನ್ ಕ್ರೈಸ್ಟ್ ಅಲೋನ್’ ಗೀತೆಯಲ್ಲಿ ಅವತಾರದಿಂದ ಪುನರುತ್ಥಾನದವರೆಗಿನ ಉಪದೇಶವನ್ನು ಜನಪದ ಧಾಟಿಯ ರಾಗವೊಂದು ಹೊರುತ್ತದೆ. ಅಲ್ಲಿ ಪದಗಳ ತೂಕ ಎಷ್ಟೆಂದರೆ, ದೇವರ ಕೋಪದ ಶಮನವನ್ನು ಹೇಳುವ ಮಾತನ್ನು ಬದಲಿಸಲು ರಚನಕಾರರು ಒಪ್ಪದೆ ಹೋದುದರಿಂದ ಅಮೆರಿಕದ ಪ್ರೆಸ್ಬಿಟೇರಿಯನ್ ಸಭೆಯ 2013ರ ಗೀತಪುಸ್ತಕದಲ್ಲಿ ಆ ಗೀತೆಗೆ ಸ್ಥಾನ ದೊರೆಯಲಿಲ್ಲ.

ಇಂತಹ ರಾಗಗಳಿಗೆ ಕನ್ನಡದ ಪದ ಹೊಂದಿಸಿ ವಸ್ತಾರೆ, ಮೂಡಿಗೆರೆ, ಕಳಸದ ತೋಟಗಳ ನಡುವೆ ಹಾಡಿಸಬಯಸುವ ಬೋಧಕರು ಒಂದು ಸಂಗತಿಯನ್ನು ಮರೆಯಬಾರದು. ಕನ್ನಡದಲ್ಲಿ ಹ್ರಸ್ವದೀರ್ಘಗಳು ಅರ್ಥವನ್ನೇ ನಿರ್ಣಯಿಸುತ್ತವೆ. ಹೊರಗಿನ ರಾಗದ ಒತ್ತು ಹ್ರಸ್ವದ ಮೇಲೆ ಬಿದ್ದು ಸ್ವರ ಎಳೆದರೆ ‘ಕೊಡು’ ಎಂಬ ಬೇಡಿಕೆ ‘ಕೋಡು’ ಆಗುತ್ತದೆ. ‘ಬಿಡು’ ಎಂಬುದು ‘ಬೀಡು’ ಆಗುತ್ತದೆ. ಆತ್ಮದಿಂದಲೂ ಬುದ್ಧಿಯಿಂದಲೂ ಹಾಡಬೇಕೆಂಬ ಪೌಲನ ಬೋಧನೆಗೆ (1 ಕೊರಿಂಥ 14:15) ಅಲ್ಲಿ ಭಂಗ ಬರುತ್ತದೆ.

ರಾಗವು ಹೊರಗಿನದೆಂಬುದೇ ದೋಷವಲ್ಲ. ಸ್ತುತಿಗೀತೆಯ ರಾಗವೆಂದು ಇಂದು ಪ್ರಸಿದ್ಧವಾದ ‘ಸ್ಲೇನ್’ ಮೊದಲು ಐರ್ಲೆಂಡಿನ ಲೌಕಿಕ ಜನಪದ ಹಾಡಿನದು. ಪ್ಯಾಟ್ರಿಕ್ ಜಾಯ್ಸ್ ಅದನ್ನು 1909ರ ತಮ್ಮ ಸಂಗ್ರಹದಲ್ಲಿ ಪ್ರಕಟಿಸಿದರು. ಹಳೆಯ ಐರಿಷ್ ಪ್ರಾರ್ಥನೆಯ ಇಂಗ್ಲಿಷ್ ರೂಪಕ್ಕೆ ಅದು ಜೊತೆಯಾದುದು 1919ರಲ್ಲಿ. ಅಂದರೆ ಅಲ್ಲಿನ ಸಭೆ ತನ್ನ ಜನರ ಹಾಡನ್ನೇ ದೇವಾಲಯದೊಳಕ್ಕೆ ಕರೆದುಕೊಂಡಿತು. ನಾವು ಅದರ ಪಿಟೀಲನ್ನು ತರುತ್ತೇವೆ, ಅದರ ಧೈರ್ಯವನ್ನು ತರುವುದಿಲ್ಲ.

ಆ ಧೈರ್ಯ ನಮಗೆ ಅಪರಿಚಿತವೂ ಅಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಜರ್ಮನ್ ರಾಗಗಳನ್ನು ತಂದಿತು, ನಿಜ. ಆದರೆ ಅದೇ ಮಿಶನ್ನಿನ ಫರ್ಡಿನಾಂಡ್ ಕಿಟ್ಟೆಲ್ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ಹಾಡಿದರು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದರು. ಮರಾಠಿಯಲ್ಲಿ ನಾರಾಯಣ ವಾಮನ ಟಿಳಕರು ಅಭಂಗದಲ್ಲಿ ಕ್ರಿಸ್ತನನ್ನು ಸ್ತುತಿಸಿದರು. ಮಲೆನಾಡಿನ ಸೋಬಾನೆಯ ಧಾಟಿಗೆ ಪಾಸ್ಕದ ಸಂತೋಷವನ್ನು ಹೊರಲಾಗದೆ?

ಕಾಫಿ ಹಣ್ಣು ಕೊಯ್ದು ದಣಿದು ಬಂದ ಹೆಂಗಸು ಭಾನುವಾರ ಹಾಡುವ ಗೀತೆಯೇ ಬಹುಮಟ್ಟಿಗೆ ಅವಳು ಕಂಠಸ್ಥವಾಗಿ ಮನೆಗೆ ಒಯ್ಯುವ ದೈವಶಾಸ್ತ್ರ. ಆದ್ದರಿಂದ ಹೊಸ ರಾಗವನ್ನು ಸಭೆಗೆ ಕಲಿಸುವ ಮೊದಲು ಬೋಧಕರು ಅದನ್ನು ವಾದ್ಯವಿಲ್ಲದೆ, ಅವಳ ಬಾಯಲ್ಲಿ ಒಮ್ಮೆ ಕೇಳಬೇಕು. ಮಾತು ಮಾತಾಗಿಯೇ ಉಳಿದಿದ್ದರೆ ಐರಿಷ್ ರಾಗಕ್ಕೂ ಸ್ವಾಗತವಿರಲಿ. ಇಲ್ಲವಾದರೆ ಅವಳು ತಿಳಿದಿರುವ ಧಾಟಿಯೊಂದನ್ನು ಕೇಳಿ ಪಡೆಯುವ ವಿನಯ ನಮಗಿರಲಿ.