ನಂಪೈ 2.0: ಮುರಿದು ಕಟ್ಟಿದ ಧೈರ್ಯ

ಪೈಥಾನ್ ಭಾಷೆಯಲ್ಲಿ ಲೆಕ್ಕ ಮಾಡುವ ವಿಜ್ಞಾನಿಗಳಿಗೆಲ್ಲ ತಳಪಾಯವಾಗಿರುವ ನಂಪೈ ತಂತ್ರಾಂಶದ 2.0 ಆವೃತ್ತಿ 2024ರ ಜೂನ್‌ನಲ್ಲಿ ಹೊರಬಂತು. 1.0 ಬಂದದ್ದು 2006ರಲ್ಲಿ. ಇಷ್ಟು ವರ್ಷ ಹಳೆಯದನ್ನು ಆದಷ್ಟು ಕೆಡಿಸದೆ ಬಂದ ಸಮುದಾಯ ಈ ಸಲ ಬೇಕೆಂದೇ ಕೆಲವನ್ನು ಮುರಿದಿದೆ. ಅದೇ ಈ ಬಿಡುಗಡೆಯ ಹಿರಿಮೆ ಎಂಬುದು ನನ್ನ ವಾದ. ಒಂದು ಉದಾಹರಣೆ ನೋಡಿ. ಹಳೆಯ ನಂಪೈಯ ಪಟ್ಟಿಯೊಂದರಲ್ಲಿ ಎರಡು ಬಾರಿ 200 ಕೋಟಿ ಬರೆದು ಕೂಡಿಸಿದರೆ ಲಿನಕ್ಸ್‌ನಲ್ಲಿ 400 ಕೋಟಿ ಬರುತ್ತಿತ್ತು. ವಿಂಡೋಸ್‌ನಲ್ಲಿ ಬರುತ್ತಿದ್ದುದು -29,49,67,296! ಅಲ್ಲಿ ಪೂರ್ಣಾಂಕಕ್ಕೆ ತಾನಾಗಿ ಸಿಗುತ್ತಿದ್ದುದು 32 ಬಿಟ್‌ಗಳ ಜಾಗ ಮಾತ್ರ. ಮೊತ್ತ ಅದನ್ನು ಮೀರಿದರೂ ಯಾವ ಎಚ್ಚರಿಕೆಯೂ ಇರುತ್ತಿರಲಿಲ್ಲ. ಒಂದೇ ಪ್ರೋಗ್ರಾಂ ಎರಡು ಯಂತ್ರಗಳಲ್ಲಿ ಎರಡು ಉತ್ತರ ಕೊಟ್ಟರೆ ವಿಜ್ಞಾನದ ಗತಿಯೇನು? 2.0ರಲ್ಲಿ 64 ಬಿಟ್‌ನ ವಿಂಡೋಸ್‌ಗೂ 64 ಬಿಟ್‌ಗಳ ಪೂರ್ಣಾಂಕವೇ ಸಿಗುತ್ತದೆ.

ಓಡುತ್ತಿದ್ದ ಪ್ರೋಗ್ರಾಂ ನಿಂತುಹೋದರೆ ಸಂಶೋಧಕರ ಸಮಯ ಹಾಳಲ್ಲವೇ ಎಂಬ ಆಕ್ಷೇಪ ನಿಜವಾದದ್ದೇ. ನಂಪೈಯನ್ನು ನೆಚ್ಚಿದ ಎಷ್ಟೋ ಪ್ಯಾಕೇಜುಗಳನ್ನು ಮತ್ತೆ ಕಂಪೈಲ್ ಮಾಡಬೇಕಾಯಿತು. ಆದರೆ ಕಟ್ಟಿದವರು ಬಳಕೆದಾರರನ್ನು ನಡುನೀರಿನಲ್ಲಿ ಬಿಡಲಿಲ್ಲ: ವಿವರವಾದ ವಲಸೆ ಕೈಪಿಡಿ ಬರೆದರು. 2.0ಕ್ಕೆ ಕಂಪೈಲ್ ಮಾಡಿದ ಪ್ಯಾಕೇಜು ಹಳೆಯ 1.x ಆವೃತ್ತಿಗಳಲ್ಲೂ ಓಡುವಂತೆ ನೋಡಿಕೊಂಡರು. 2.0ರಲ್ಲಿ ಬದಲಾದ ಹಳೆಯ ಹೆಸರುಗಳನ್ನು ಪ್ರೋಗ್ರಾಂನಲ್ಲಿ ತಾನೇ ತಿದ್ದುವ ನಿಯಮ ರಫ್ ಎಂಬ ಉಪಕರಣದಲ್ಲಿದೆ. ಹಳೆಯ ಪ್ರೋಗ್ರಾಂ ಇಟ್ಟುಕೊಂಡಿರುವವರು ಮೊದಲು ರಫ್ ಓಡಿಸಿ ನೋಡಲಿ.