ಖಿನ್ನತೆಯನ್ನು ಮೆದುಳಿಗಷ್ಟೇ ಕಟ್ಟಿಹಾಕಬೇಡಿ

ಖಿನ್ನತೆ ಎಂದರೆ ಮೆದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಕಡಿಮೆಯಾಗುವುದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಹೇಗೋ ಇದಕ್ಕೆ ಮಾತ್ರೆ ಹಾಗೆ. ಪತ್ರಿಕೆಗಳ ಆರೋಗ್ಯ ಪುಟದಲ್ಲಿ, ಟಿವಿ ಕಾರ್ಯಕ್ರಮಗಳಲ್ಲಿ, ಕಾಲೇಜುಗಳ ಜಾಗೃತಿ ಶಿಬಿರಗಳಲ್ಲಿ ಈ ಮಾತು ಎಷ್ಟು ಸಲ ಕೇಳಿಬಂದಿದೆಯೆಂದರೆ, ಅದಕ್ಕೆ ಪುರಾವೆ ಕೇಳಬೇಕೆಂದು ಯಾರಿಗೂ ಅನ್ನಿಸುವುದಿಲ್ಲ. ಹೇಳುವವರ ಉದ್ದೇಶ ಒಳ್ಳೆಯದೇ. ಹಾಸಿಗೆ ಬಿಟ್ಟು ಏಳಲಾಗದವರನ್ನು ಸೋಮಾರಿ ಎಂದು ಬೈಯುವ, ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸುವ, ‘ಮನಸ್ಸು ಗಟ್ಟಿ ಮಾಡಿಕೋ’ ಎಂದು ಕೈತೊಳೆದುಕೊಳ್ಳುವ ಮನೆಗಳಲ್ಲಿ ‘ಇದೊಂದು ಕಾಯಿಲೆ’ ಎಂಬ ಮಾತಿಗೆ ಬೆಲೆಯಿದೆ. ಆದರೆ ಸದುದ್ದೇಶವೇ ಪುರಾವೆಯಾಗುವುದಿಲ್ಲ. ಸೆರೊಟೋನಿನ್ ಕೊರತೆಯ ಕಥೆಗೆ ಆಧಾರ ಸಾಲದು. ಅದರಿಂದ ಆಗುತ್ತದೆಂದು ನಂಬಿದ ಉಪಕಾರವೂ ಆಗಿಲ್ಲ.

ಈ ಕಥೆಯ ಒಂದು ಎಳೆ ಶುರುವಾಗುವುದು ನಮ್ಮ ಸರ್ಪಗಂಧದಿಂದ. ಅದರ ಬೇರು ರಕ್ತದೊತ್ತಡವನ್ನು ಇಳಿಸುತ್ತದೆ, ಉನ್ಮಾದವನ್ನು ತಣಿಸುತ್ತದೆ ಎಂದು 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯ ವಿಜ್ಞಾನಿಗಳು ಅದರಿಂದ ರಿಸರ್ಪಿನ್ ಬೇರ್ಪಡಿಸಿದರು. ಅದನ್ನು ರಕ್ತದೊತ್ತಡಕ್ಕೆಂದು ತೆಗೆದುಕೊಂಡ ಕೆಲವರು ಖಿನ್ನರಾದರೆಂದು ವರದಿಯಾಯಿತು. ಅದು ಸೆರೊಟೋನಿನ್, ನಾರ್‌ಅಡ್ರಿನಲಿನ್‌ಗಳನ್ನು ಬರಿದು ಮಾಡುತ್ತದೆಂಬುದೂ ತಿಳಿಯಿತು. ಅದೇ ದಶಕದಲ್ಲಿ ಕ್ಷಯಕ್ಕೆ ಕೊಟ್ಟ ಇಪ್ರೊನಿಯಾಜಿಡ್ ರೋಗಿಗಳಲ್ಲಿ ಉಲ್ಲಾಸ ತಂದಿತು. ಅದು ಇದೇ ರಾಸಾಯನಿಕಗಳು ಒಡೆದುಹೋಗದಂತೆ ತಡೆಯುತ್ತಿತ್ತು. ಎರಡನ್ನೂ ಜೋಡಿಸಿ 1965ರಲ್ಲಿ ಅಮೆರಿಕದ ಜೋಸೆಫ್ ಶಿಲ್ಡ್‌ಕ್ರಾಟ್ ನಾರ್‌ಅಡ್ರಿನಲಿನ್ ಕಡೆಗೆ, 1967ರಲ್ಲಿ ಬ್ರಿಟನ್ನಿನ ಅಲೆಕ್ ಕಾಪೆನ್ ಸೆರೊಟೋನಿನ್ ಕಡೆಗೆ ಬೆರಳು ತೋರಿದರು.

ಊಹೆಯಾಗಿ ಅದು ಸೊಗಸಾಗಿತ್ತು. ಆದರೆ ಅದಕ್ಕೆ ಎದುರಾದ ಸಾಕ್ಷ್ಯ ಮೊದಲಿನಿಂದಲೂ ಇತ್ತು. 1955ರಲ್ಲೇ ಲಂಡನ್ನಿನಲ್ಲಿ ಡೇವಿಸ್ ಮತ್ತು ಶೆಫರ್ಡ್ ಆತಂಕ, ಖಿನ್ನತೆಯಿದ್ದವರಿಗೆ ಇದೇ ರಿಸರ್ಪಿನ್ ಕೊಟ್ಟು, ಸುಳ್ಳು ಮಾತ್ರೆ ನುಂಗಿದವರೊಂದಿಗೆ ಹೋಲಿಸಿ ನೋಡಿದ್ದರು. ರಿಸರ್ಪಿನ್ ಪಡೆದವರೇ ಹೆಚ್ಚು ಸುಧಾರಿಸಿದರು. ಆ ಪ್ರಯೋಗ ಮೂಲೆಗೆ ಸರಿಯಿತು, ಊಹೆ ಉಳಿಯಿತು. 1987ರ ಕೊನೆಯಲ್ಲಿ ಸೆರೊಟೋನಿನ್ ಹೆಚ್ಚಿಸುವ ಪ್ರೊಜ್ಯಾಕ್ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ ಮೇಲೆ, ಜಾಹೀರಾತುಗಳ ಬೆನ್ನೇರಿ ಆ ಊಹೆಯೇ ಸಿದ್ಧಸತ್ಯವೆಂಬಂತೆ ಊರೂರು ತಲುಪಿತು.

ಸಕ್ಕರೆ ಕಾಯಿಲೆಯ ಹೋಲಿಕೆಯನ್ನೇ ತೆಗೆದುಕೊಳ್ಳೋಣ. ಸಕ್ಕರೆ ಕಾಯಿಲೆ ಇದೆಯೆನ್ನುವ ಮೊದಲು ರಕ್ತ ತೆಗೆದು ಅಳೆಯುತ್ತಾರೆ. ಖಿನ್ನತೆಯನ್ನು ಸೆರೊಟೋನಿನ್ ಅಳೆದು ಗುರುತಿಸುವ ಪರೀಕ್ಷೆ ಯಾವ ಆಸ್ಪತ್ರೆಯಲ್ಲೂ ಇಲ್ಲ. ರೋಗಿಯ ಮಾತು, ನಿದ್ದೆ, ಊಟ, ದಿನಚರಿ ಕೇಳಿಯೇ ವೈದ್ಯರು ನಿರ್ಧರಿಸುತ್ತಾರೆ. ಆಹಾರದ ಮೂಲಕ ಸೆರೊಟೋನಿನ್ ಮಟ್ಟವನ್ನು ತಗ್ಗಿಸಿ ನೋಡಿದ ಪ್ರಯೋಗಗಳಲ್ಲಿ ಆರೋಗ್ಯವಂತರು ಸಾಮಾನ್ಯವಾಗಿ ಖಿನ್ನರಾಗಲಿಲ್ಲ. ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ನರಕೋಶಗಳ ನಡುವೆ ಸೆರೊಟೋನಿನ್ ಹೆಚ್ಚುತ್ತದೆ. ಮನಸ್ಸು ಹಗುರಾಗಲು ಮಾತ್ರ ವಾರಗಳೇ ಬೇಕು. 2022ರಲ್ಲಿ ಲಂಡನ್ನಿನ ಜೊವಾನಾ ಮಾಂಕ್ರೀಫ್ ಮತ್ತು ಸಂಗಡಿಗರು ದಶಕಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು, ಕೊರತೆಯ ವಾದಕ್ಕೆ ಸುಸಂಗತ ಪುರಾವೆಯಿಲ್ಲ ಎಂದರು. ಅವರನ್ನು ವಿರೋಧಿಸಿದ ಹಲವು ಮನೋವೈದ್ಯರು ಕೂಡ ಆ ವಾದದ ಪರ ನಿಲ್ಲಲಿಲ್ಲ; ಇಷ್ಟು ಸರಳವಾಗಿ ನಾವು ಯೋಚಿಸುವುದನ್ನು ಬಿಟ್ಟು ಬಹಳ ಕಾಲವಾಯಿತು ಎಂದರು. ಹಾಗಿದ್ದರೆ ಬಿಟ್ಟ ಸಂಗತಿಯನ್ನು ಜನರಿಗೇಕೆ ಹೇಳಲಿಲ್ಲ?

ಖಿನ್ನರಾದವರ ಮೆದುಳಿನಲ್ಲಿ ವ್ಯತ್ಯಾಸ ಕಾಣುವುದಿಲ್ಲವೇ ಎಂದು ಕೇಳಬಹುದು. ಕಾಣಬಹುದು. ಆದರೆ ಕಂಡದ್ದೆಲ್ಲ ಅಲ್ಲಿಯೇ ಹುಟ್ಟಿದ್ದೆನ್ನಲು ಬರುವುದಿಲ್ಲ. ಅಮೆರಿಕದ ಲೂಯಿಸ್ ಬ್ಯಾಕ್ಸ್‌ಟರ್ 1992ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಅದು ಖಿನ್ನತೆಯದಲ್ಲದಿದ್ದರೂ, ಇದನ್ನು ಚೆನ್ನಾಗಿ ತೋರಿಸುತ್ತದೆ. ಗೀಳು ಕಾಯಿಲೆಯಿದ್ದ ಕೆಲವರಿಗೆ ಮಾತ್ರೆ, ಇನ್ನು ಕೆಲವರಿಗೆ ಮಾತ್ರೆಯಿಲ್ಲದೆ ವರ್ತನಾ ಚಿಕಿತ್ಸೆ ಕೊಟ್ಟು ಅವರು ಮೆದುಳಿನ ಚಿತ್ರ ತೆಗೆದರು. ಗುಣ ಕಂಡವರಲ್ಲಿ ಎರಡೂ ಗುಂಪಿನವರ ಮೆದುಳಿನ ಒಂದೇ ಭಾಗದ ಚಟುವಟಿಕೆ ತಗ್ಗಿತ್ತು. ಮಾತು, ಅಭ್ಯಾಸ, ಅನುಭವ ಎಲ್ಲವೂ ಮೆದುಳನ್ನು ಬದಲಿಸುತ್ತವೆ. ಆದ್ದರಿಂದ ಮೆದುಳಿನ ಚಿತ್ರವೊಂದನ್ನೇ ತೋರಿಸಿ ಕಾರಣ ಸಿಕ್ಕಿತು ಎನ್ನುವುದು ಅವಸರದ ತೀರ್ಮಾನ.

ವಂಶವಾಹಿಯ ಕಥೆಯೂ ಹೀಗೇ ಸಾಗಿತು. ಅವಳಿಗಳ ಅಧ್ಯಯನಗಳ ಪ್ರಕಾರ ಖಿನ್ನತೆಯಲ್ಲಿ ಆನುವಂಶಿಕತೆಯ ಪಾಲು ಸುಮಾರು ಶೇ 37. ಆ ಪಾಲನ್ನು ಅಲ್ಲಗಳೆಯಲಾಗದು. ಆದರೆ 2003ರಲ್ಲಿ ಸದ್ದು ಮಾಡಿದ ಸೆರೊಟೋನಿನ್ ಸಾಗಣೆಯ ಜೀನ್ ಸೇರಿ ಹೆಸರಾಂತ 18 ಜೀನ್‌ಗಳನ್ನು 2019ರಲ್ಲಿ ಲಕ್ಷಾಂತರ ಜನರ ಮಾಹಿತಿಯೊಂದಿಗೆ ಪರೀಕ್ಷಿಸಿದಾಗ, ಅವುಗಳಿಗೂ ಖಿನ್ನತೆಗೂ ಇರುವ ನಂಟು ಬೇರಾವುದೇ ಜೀನ್‌ಗಿಂತ ಹೆಚ್ಚಿರಲಿಲ್ಲ.

ಹಾಗಾದರೆ ಖಿನ್ನತೆ ಒಬ್ಬ ಹೆಣ್ಣುಮಗಳಿಗೇ ಏಕೆ, ಆಗಲೇ ಏಕೆ? ಈ ಪ್ರಶ್ನೆಯನ್ನು ಸಂಶೋಧಕರಾದ ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ ಲಂಡನ್ನಿನ ಕ್ಯಾಂಬರ್‌ವೆಲ್‌ನ ಹೆಂಗಸರ ನಡುವೆ ಕೇಳಿ, 1978ರಲ್ಲಿ ಉತ್ತರ ಪ್ರಕಟಿಸಿದರು. ಖಿನ್ನತೆಯ ಹಿಂದೆ ಬಹುಮಟ್ಟಿಗೆ ಒಂದು ದೊಡ್ಡ ನಷ್ಟವೋ ದೀರ್ಘಕಾಲದ ಕಷ್ಟವೋ ಇತ್ತು. ಮನಸ್ಸು ಬಿಚ್ಚಿ ಹೇಳಿಕೊಳ್ಳುವ ಆಪ್ತರಿಲ್ಲದವರು, ಮನೆಯಲ್ಲಿ ಮೂರೋ ಹೆಚ್ಚೋ ಚಿಕ್ಕ ಮಕ್ಕಳಿದ್ದವರು, ಹೊರಗೆ ಕೆಲಸವಿಲ್ಲದವರು, ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡವರು ಆ ಹೊಡೆತಕ್ಕೆ ಬೇಗ ಕುಸಿದರು. ಸೆರೊಟೋನಿನ್ ಕಥೆಯಲ್ಲಿ ಇವರಾರ ಬದುಕಿಗೂ ಜಾಗವಿಲ್ಲ. ಸಾಲ, ಕುಡಿದು ಹೊಡೆಯುವ ಗಂಡ, ಕೈತಪ್ಪಿದ ಕೆಲಸ ಎಲ್ಲವೂ ಮೆದುಳಿನ ಕೆಮಿಕಲ್ ಏರುಪೇರಾದರೆ ಸಮಾಜ ಯಾವುದಕ್ಕೂ ಉತ್ತರ ಕೊಡಬೇಕಾಗಿಲ್ಲ.

ಈ ಕಥೆಯಿಂದ ಕಳಂಕವಾದರೂ ಕಳೆಯಿತೇ? 2014ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಹಿಂದೆಯೋ ಆಗಲೋ ಖಿನ್ನತೆ ಅನುಭವಿಸಿದ್ದ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ‘ನಿಮ್ಮದು ಮೆದುಳಿನ ರಾಸಾಯನಿಕ ಅಸಮತೋಲನ’ ಎಂಬ ಪರೀಕ್ಷಾ ಫಲಿತಾಂಶ ಕೊಟ್ಟರು. ಅವರು ತಮ್ಮನ್ನು ತಾವು ದೂಷಿಸಿಕೊಳ್ಳುವುದು ಕಡಿಮೆಯಾಗಲಿಲ್ಲ. ಗುಣವಾಗುವ ಭರವಸೆ ಮಾತ್ರ ಕುಗ್ಗಿತು.

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಖಿನ್ನತೆ, ಆತಂಕದಂಥ ಸಾಮಾನ್ಯ ಮಾನಸಿಕ ಕಾಯಿಲೆಯುಳ್ಳವರಲ್ಲಿ ಶೇ 85ರಷ್ಟು ಜನರಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ಇಂಥ ದೇಶದಲ್ಲಿ ಈ ವಿಮರ್ಶೆ ಜನರನ್ನು ವೈದ್ಯರಿಂದ ದೂರ ಮಾಡೀತು ಎಂಬ ಆತಂಕ ನ್ಯಾಯವಾದದ್ದು. ಅದಕ್ಕೇ ಸ್ಪಷ್ಟವಾಗಿ ಹೇಳಬೇಕು: ಮಾತ್ರೆಗಳು ಅನೇಕರಿಗೆ ನೆರವಾಗುತ್ತವೆ, ತೀವ್ರ ಖಿನ್ನತೆಯಲ್ಲಿ ಜೀವವನ್ನೂ ಉಳಿಸಬಹುದು. ವೈದ್ಯರನ್ನು ಕೇಳದೆ ಅವನ್ನು ನಿಲ್ಲಿಸುವುದು ಅಪಾಯ. ಥೈರಾಯ್ಡ್ ತೊಂದರೆಯಿಂದಲೂ ಮನಸ್ಸು ಕುಗ್ಗಬಹುದಾದ್ದರಿಂದ ರಕ್ತಪರೀಕ್ಷೆಯೂ ಬೇಕಾಗಬಹುದು. ಇಷ್ಟೆಲ್ಲ ಒಪ್ಪಲು ಆಧಾರ ಸಾಲದ ಕಾರಣವೊಂದನ್ನು ನಂಬಬೇಕಾಗಿಲ್ಲ.

ಬೇರೆ ದಾರಿಯೂ ಇದೆ. ಗೋವಾದ ಸಂಗಾತ್ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಮನೋವೈದ್ಯಕೀಯ ಓದಿರದ ಸ್ಥಳೀಯರಿಗೆ ತರಬೇತಿ ಕೊಟ್ಟು, ಖಿನ್ನತೆಯಿದ್ದವರೊಂದಿಗೆ ಆರೆಂಟು ಬಾರಿ ಕೂತು ಮಾತಾಡುವ ಏರ್ಪಾಡು ಮಾಡಿತು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ತಿಂಗಳಲ್ಲಿ ಈ ನೆರವು ಪಡೆದವರಲ್ಲಿ ಶೇ 64 ಮಂದಿ ಖಿನ್ನತೆಯಿಂದ ಹೊರಬಂದರು. ಮಾಮೂಲಿ ಚಿಕಿತ್ಸೆಯಷ್ಟೇ ಪಡೆದವರಲ್ಲಿ ಶೇ 39.

ಆರೋಗ್ಯ ಅಂಕಣ ಬರೆಯುವವರು, ಶಿಬಿರ ನಡೆಸುವವರು ಸೆರೊಟೋನಿನ್ ಕೊರತೆಯ ಮಾತನ್ನು ಇನ್ನು ಬಿಡಬೇಕು. ಮಾತ್ರೆ ಬರೆದುಕೊಡುವ ವೈದ್ಯರು ‘ಮನೆಯಲ್ಲಿ ಏನು ನಡೆಯುತ್ತಿದೆ?’ ಎಂದೂ ಕೇಳಬೇಕು. ಸರ್ಕಾರ ಪ್ರತಿ ಆರೋಗ್ಯ ಕೇಂದ್ರದಲ್ಲೂ ಆ ಉತ್ತರ ಕೇಳಿಸಿಕೊಳ್ಳಲು ಒಬ್ಬ ಆಪ್ತಸಮಾಲೋಚಕರನ್ನು ಕೂರಿಸಬೇಕು.